ಮೊದಲ ವಾರದ ದಾನ, ಮೂರನೇ ವರ್ಷದ ಮನೆ

ಕೃಷ್ಣೆಗೋ ಕಾವೇರಿಗೋ ನೆರೆ ಬಂದ ಮೂರನೇ ದಿನಕ್ಕೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಬ್ಯಾನರ್ ಕಟ್ಟಿದ ಲಾರಿಗಳು ಹೊರಡುತ್ತವೆ. ಕಾಲೇಜುಗಳು, ಮಠಗಳು, ಮಹಿಳಾ ಸಂಘಗಳು, ಆಟೊ ಚಾಲಕರು, ಸಿನಿಮಾ ನಟರ ಅಭಿಮಾನಿ ಬಳಗಗಳು ಕೈಲಾದದ್ದನ್ನು ತುಂಬಿ ಕಳಿಸುತ್ತಾರೆ. ಇದನ್ನು ಪ್ರಚಾರದ ಹುಚ್ಚು ಎಂದು ತಳ್ಳಿಹಾಕುವವರ ಸಾಲಿಗೆ ನಾನು ಸೇರುವುದಿಲ್ಲ. ಗುರುತು ಪರಿಚಯವಿಲ್ಲದವರ ಕಷ್ಟಕ್ಕೆ ತಿಂಗಳ ಸಂಬಳದಲ್ಲಿ ಒಂದು ಪಾಲು ತೆಗೆದಿಡುವ ಮನಸ್ಸು ಈ ನಾಡಿನಲ್ಲಿ ಧಾರಾಳವಾಗಿದೆ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಲಾರಿಗಳು ನಿಲ್ಲುತ್ತವೆ, ಟಿ.ವಿ. ಕ್ಯಾಮೆರಾಗಳು ಇನ್ನೊಂದು ಸುದ್ದಿಯ ಹಿಂದೆ ಹೋಗುತ್ತವೆ. ನೀರು ಇಳಿದ ಊರಿನಲ್ಲಿ ದೊಡ್ಡ ಖರ್ಚು ಶುರುವಾಗುವುದೇ ಆಗ. ಬಿದ್ದ ಗೋಡೆ, ಕೊಚ್ಚಿಹೋದ ಮೇಲ್ಮಣ್ಣು, ಸತ್ತ ಎಮ್ಮೆ, ನೆನೆದು ಹರಿದ ಪಹಣಿ, ಒಂದು ವರ್ಷದ ಬೆಳೆ, ಅದರ ಮೇಲಿನ ಸಾಲ ಎಲ್ಲವೂ ಆಗ ಲೆಕ್ಕಕ್ಕೆ ಬರುತ್ತವೆ. ವಿಪತ್ತಿನ ಪರಿಹಾರದಲ್ಲಿ ನಮಗೆ ಕೊರತೆಯಿರುವುದು ಔದಾರ್ಯದ್ದಲ್ಲ. ಕೊಡುವ ಹೊತ್ತು ತಪ್ಪಿದೆ, ಕೊಡುವ ರೂಪವೂ ತಪ್ಪಿದೆ. ಅನಾಹುತಕ್ಕೆ ಮೊದಲು ಒಂದು ಪಾಲು, ಅದು ಕಳೆದು ವರ್ಷಗಳಾದ ಮೇಲೆ ದೊಡ್ಡ ಪಾಲು ಸಲ್ಲಬೇಕಾದ ನೆರವನ್ನು ನಾವು ನಡುವಿನ ಹತ್ತು ದಿನಗಳಲ್ಲಿ ಸುರಿದು ಮುಗಿಸುತ್ತಿದ್ದೇವೆ.

ಮೊದಲ ಗಂಟೆಗಳಲ್ಲಿ ಜೀವ ಉಳಿಸುವವರು ಯಾರು ಎಂಬ ಪ್ರಶ್ನೆಯಿಂದ ತೊಡಗೋಣ. 1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಅವಶೇಷಗಳಡಿ ಸಿಲುಕಿ ಬದುಕಿ ಬಂದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯನ್ನು ಎಳೆದು ತೆಗೆದವರು ಮನೆಯವರು ಮತ್ತು ಅಕ್ಕಪಕ್ಕದವರು ಎಂಬುದು ಅಲ್ಲಿನ ತಜ್ಞರ ಅಂದಾಜು. ಅಗ್ನಿಶಾಮಕ ದಳ, ಸೇನೆ, ಪೊಲೀಸರ ಪಾಲು ಉಳಿದದ್ದು. ಶಿಸ್ತಿಗೆ, ಸಲಕರಣೆಗೆ ಹೆಸರಾದ ಜಪಾನಿನ ಕಥೆಯೇ ಇದಾದರೆ ಬೇರೆಯವರದ್ದನ್ನು ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಕೊಲ್ಲಂ, ತಿರುವನಂತಪುರ, ಆಲಪ್ಪುಳದ ಕಡಲ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಚೆಂಗನ್ನೂರು, ಪತ್ತನಂತಿಟ್ಟದ ಕಡೆಗೆ ಬಂದರು. ಸರ್ಕಾರದ ಲೆಕ್ಕದಂತೆ ಅವರು ದಡ ಸೇರಿಸಿದವರ ಸಂಖ್ಯೆ ಸುಮಾರು 65 ಸಾವಿರ. ಕಡಲ ಅಲೆಗೆಂದು ಮಾಡಿದ ದೋಣಿಗಳು ಊರೊಳಗಿನ ಕಾಂಪೌಂಡ್ ಗೋಡೆಗಳಿಗೆ ಬಡಿದು ಹಾಳಾದವು. ದಿನಕ್ಕೆ 3,000 ರೂಪಾಯಿ ಕೊಡುವುದಾಗಿ ಸರ್ಕಾರ ಘೋಷಿಸಿದಾಗ, ದುಡ್ಡಿಗಾಗಿ ಬಂದದ್ದಲ್ಲ ಎಂದವರೂ ಅವರಲ್ಲಿದ್ದರು. 2004ರ ಸುನಾಮಿಯ ನಂತರ ಹತ್ತಾರು ನೆರವು ಸಂಸ್ಥೆಗಳು ಕೂಡಿ ನಡೆಸಿದ ಜಂಟಿ ಮೌಲ್ಯಮಾಪನವೂ ಹೇಳಿದ್ದು ಇದನ್ನೇ: ಮೊದಲ ದಿನಗಳಲ್ಲಿ ಜೀವ ಉಳಿಸಿದವರು ಸ್ಥಳೀಯರು, ಹೊರಗಿನವರು ಬಂದದ್ದು ಆಮೇಲೆ.

ಹಾಗಿದ್ದರೆ ಹೊರಗಿನಿಂದ ಬರುವ ನೆರವು ಏನು ಮಾಡುತ್ತದೆ? ಅದರ ಬಹುಪಾಲು ಸಾಮಾನಿನ ರೂಪದಲ್ಲಿ ಬರುತ್ತದೆ, ಸಾಮಾನಿನಲ್ಲಿ ಬಹುಪಾಲು ಹಳೇ ಬಟ್ಟೆ. 2001ರ ಭುಜ್ ಭೂಕಂಪದ ನಂತರ ಕಛ್‌ನ ರಸ್ತೆಬದಿಗಳಲ್ಲಿ, ಸುನಾಮಿಯ ನಂತರ ನಾಗಪಟ್ಟಿಣದ ಸುತ್ತಮುತ್ತ ಯಾರೂ ಮುಟ್ಟದ ಬಟ್ಟೆಗಳ ರಾಶಿಗಳು ಮಳೆ ಬಿಸಿಲಿಗೆ ಬಿದ್ದಿದ್ದವು. ಬಟ್ಟೆ ಬೇಡವೆಂದಲ್ಲ. ಸಂಗ್ರಹ ಕೇಂದ್ರದ ಒಂದು ಗೋಣಿಚೀಲ ಬಿಚ್ಚಿದರೆ ತೊಂದರೆ ಎಲ್ಲಿದೆಯೆಂದು ತಿಳಿಯುತ್ತದೆ: ರವಿಕೆಯಿಲ್ಲದ ಸೀರೆ, ಜಿಪ್ಪು ಕಿತ್ತ ಜೀನ್ಸ್, ಮದುವೆಗೆ ಹೊಲಿಸಿದ ಕೋಟು, ಒಂಟಿ ಚಪ್ಪಲಿ, ಕೂಸಿನ ಉಣ್ಣೆ ಟೋಪಿ, ಎಲ್ಲ ಒಂದೇ ಗಂಟಿನಲ್ಲಿ. ಒಳಲಂಗ, ಒಳ ಉಡುಪು, ಸ್ಯಾನಿಟರಿ ಪ್ಯಾಡು, ಹೊದಿಯುವ ದಪ್ಪ ಚಾದರ ಹುಡುಕಿದರೆ ಸಿಗುವುದಿಲ್ಲ. ಕಾಳಜಿ ಕೇಂದ್ರದಲ್ಲಿ ಮೊದಲ ರಾತ್ರಿ ಬೇಕಾಗುವುದು ಅವೇ. ಈ ಗಂಟುಗಳನ್ನು ಬೇರ್ಪಡಿಸಲು ಆಳು ಬೇಕು, ಜಾಗ ಬೇಕು. ಶಾಲೆಯ ಕೊಠಡಿಯೋ ಕಲ್ಯಾಣ ಮಂಟಪವೋ ಗೋದಾಮಾಗುತ್ತದೆ. ಅದೇ ಹೊತ್ತಿನಲ್ಲಿ ಮನೆಹಾನಿಯ ಸಮೀಕ್ಷೆಗೆ ಹೋಗಬೇಕಿದ್ದ ಗ್ರಾಮ ಪಂಚಾಯಿತಿ ಸಿಬ್ಬಂದಿ ಲಾರಿ ಇಳಿಸಿಕೊಳ್ಳುತ್ತ ನಿಲ್ಲುತ್ತಾರೆ. ಸಾಮಾನು ಪುಕ್ಕಟೆ ಬಂದರೂ ಅದನ್ನು ಹಂಚುವ ಕೆಲಸ ಪುಕ್ಕಟೆ ಆಗುವುದಿಲ್ಲ.

ದೇಶದೇಶಗಳ ನಡುವೆಯೂ ನಡೆಯುವುದು ಇದೇ. 2015ರ ಏಪ್ರಿಲ್‌ನಲ್ಲಿ ನೇಪಾಳ ನಡುಗಿದಾಗ ಇಡೀ ದೇಶಕ್ಕೆ ಇದ್ದದ್ದು ಒಂದೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಅದಕ್ಕೆ ಒಂದೇ ರನ್‌ವೇ. ಜಗತ್ತಿನ ನಾನಾ ಕಡೆಯಿಂದ ಬಂದ ವಿಮಾನಗಳ ಭಾರಕ್ಕೆ ರನ್‌ವೇ ಕೆಟ್ಟು, ಮೇ ಮೊದಲ ವಾರದಲ್ಲಿ ದೊಡ್ಡ ವಿಮಾನಗಳು ಇಳಿಯುವುದನ್ನೇ ನಿಲ್ಲಿಸಬೇಕಾಯಿತು. ನಮಗೆ ಬೇಕಾದ್ದು ಧಾನ್ಯ, ಉಪ್ಪು, ಸಕ್ಕರೆ. ಬರುತ್ತಿರುವುದು ಟ್ಯೂನಾ ಮೀನು, ಮೇಯನೇಸ್ ಎಂದು ಆ ದೇಶದ ಹಣಕಾಸು ಸಚಿವರು ಬಹಿರಂಗವಾಗಿ ಅಲವತ್ತುಕೊಂಡರು. ಮೇಯನೇಸ್ ಕಳಿಸಿದವರ ಮನಸ್ಸು ಕೆಟ್ಟದ್ದಾಗಿತ್ತೆಂದು ಯಾರೂ ಹೇಳುವುದಿಲ್ಲ. ಆದರೆ ಆ ಡಬ್ಬಿ ಬಂದ ವಿಮಾನ ಇಳಿಯಲು ಇನ್ನೊಂದು ವಿಮಾನ ಆಕಾಶದಲ್ಲಿ ಸುತ್ತುತ್ತ ಕಾದಿದ್ದರೆ, ಅದರಲ್ಲಿ ಟಾರ್ಪಾಲೋ ಔಷಧಿಯೋ ಇದ್ದಿದ್ದರೆ, ಮನಸ್ಸಿನ ಒಳ್ಳೆಯತನ ಲೆಕ್ಕಕ್ಕೆ ಬರುವುದಿಲ್ಲ.

ಸಾಮಾನಿನ ಬದಲು ಹಣ ಕೊಡಿ ಎಂದರೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ರಸ್ತೆ ಕಿತ್ತು ಹೋಗಿ, ಅಂಗಡಿಗಳು ನೀರಲ್ಲಿ ನಿಂತಿರುವಾಗ ಕೈಯಲ್ಲಿ ನೋಟು ಇದ್ದು ಏನು ಪ್ರಯೋಜನ? ಖಂಡಿತ ಇಲ್ಲ. ಮೊದಲ ಮೂರು ನಾಲ್ಕು ದಿನ ಬಿಸಿ ಅನ್ನ, ಕುಡಿಯುವ ನೀರು, ಟಾರ್ಪಾಲು, ಭೇದಿಗೆ ಒಆರ್‌ಎಸ್ ಪೊಟ್ಟಣ ಇವು ಬೇಕೇ ಬೇಕು. ಹತ್ತಿರದ ತಾಲ್ಲೂಕಿನವರು ಅದನ್ನು ಬೇರೆಲ್ಲರಿಗಿಂತ ಬೇಗ, ಅಗ್ಗವಾಗಿ ಮುಟ್ಟಿಸಬಲ್ಲರು. ಉತ್ತರ ಕರ್ನಾಟಕದ ನೆರೆಯಲ್ಲಿ ಪಕ್ಕದ ಊರುಗಳಿಂದ ಗಂಟುಗಂಟಲೆ ಬರುವ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳು ಯಾವ ಕಿಟ್‌ಗೂ ಸಾಟಿಯಲ್ಲ: ಕೆಡುವುದಿಲ್ಲ, ಬೇಯಿಸಬೇಕಿಲ್ಲ, ತಿನ್ನುವವರಿಗೆ ಹೊಸದಲ್ಲ. ಸಾಮಾನು ಕೊಡುವುದನ್ನು ಜಾಣತನದಿಂದ ಮಾಡಬಹುದು ಎಂಬುದಕ್ಕೆ ಅಂಶು ಗುಪ್ತಾ ಅವರ ‘ಗೂಂಜ್’ ಸಂಸ್ಥೆಯೂ ಇದೆ. ಅದು ಬಟ್ಟೆಯನ್ನು ನಗರದಲ್ಲೇ ವಿಂಗಡಿಸಿ, ತೊಡಲು ಬಾರದ್ದನ್ನು ಸ್ಯಾನಿಟರಿ ಪ್ಯಾಡು, ಹಾಸಿಗೆಗಳಾಗಿಸಿ, ಹಳ್ಳಿಯಲ್ಲಿ ಊರಿನವರು ಮಾಡಿಕೊಂಡ ಕೆರೆ, ರಸ್ತೆ ಕೆಲಸಕ್ಕೆ ಪ್ರತಿಯಾಗಿ ಕೊಡುತ್ತದೆ. ಸುನಾಮಿ ನಂತರ ತಮಿಳುನಾಡಿನಲ್ಲಿ ಬೇಡವಾಗಿ ಬಿದ್ದಿದ್ದ ಬಟ್ಟೆಯನ್ನು ಬಳಕೆಗೆ ತಂದದ್ದೂ ಅದೇ ಸಂಸ್ಥೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಇದು ವರ್ಷಪೂರ್ತಿ ನಡೆಯುವ ಕಸುಬು. ನೆರೆ ಬಂದ ಮೂರನೇ ದಿನ ಕಪಾಟು ಖಾಲಿ ಮಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲ ವಾರ ಕಳೆದ ಮೇಲೆ ಹತ್ತಿರದ ಸಂತೆ, ಅಂಗಡಿ ತೆರೆಯುತ್ತವೆ. ಆಗ ದೂರದಿಂದ ಬರುವ ಅಕ್ಕಿಮೂಟೆ ಆ ಅಂಗಡಿಯವನ ವ್ಯಾಪಾರವನ್ನೇ ಮುರಿಯುತ್ತದೆ. ಅವನ ಮನೆಗೂ ನೀರು ನುಗ್ಗಿತ್ತು ಎಂಬುದು ದಾನಿಗಳಿಗೆ ನೆನಪಾಗುವುದಿಲ್ಲ. ಇಲ್ಲಿ ನೇರ ನಗದು ಹೆಚ್ಚು ಕೆಲಸ ಮಾಡುತ್ತದೆ. ಜಾಗತಿಕ ಮಾನವೀಯ ನೆರವಿನಲ್ಲಿ ಈಗ ಸುಮಾರು ಐದನೇ ಒಂದು ಪಾಲು ನಗದು ಅಥವಾ ಕೂಪನ್ನಿನ ರೂಪದಲ್ಲೇ ಹೋಗುತ್ತಿದೆ. 2019ರ ನೆರೆಯಲ್ಲಿ ಕರ್ನಾಟಕ ಸರ್ಕಾರ ತುರ್ತು ಪರಿಹಾರವೆಂದು ಕುಟುಂಬಕ್ಕೆ 10,000 ರೂಪಾಯಿ ಕೊಟ್ಟದ್ದು ಇದೇ ತರ್ಕದ ಮೇಲೆ. ‘ಕೈಗೆ ಕಾಸು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ’ ಎಂಬ ಮಾತು ದಾನಿಗಳ ಸಭೆಗಳಲ್ಲಿ ಪಿಸುಮಾತಾಗಿಯೂ, ಕೆಲವೊಮ್ಮೆ ಗಟ್ಟಿಯಾಗಿಯೂ ಕೇಳಿಬರುತ್ತದೆ. ನಗದು ವರ್ಗಾವಣೆ ಕುರಿತ ನಾನಾ ದೇಶಗಳ ಅಧ್ಯಯನಗಳನ್ನು ವಿಶ್ವಬ್ಯಾಂಕ್‌ನ ಅರ್ಥಶಾಸ್ತ್ರಜ್ಞರು 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಮದ್ಯ ಮತ್ತು ತಂಬಾಕಿನ ಮೇಲಿನ ಖರ್ಚು ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಕುಡಿಯುವವನು ಎಲ್ಲ ಕಡೆಯೂ ಇದ್ದಾನೆ, ದಾನಿಗಳ ಸಭೆಯಲ್ಲೂ. ಅವನೊಬ್ಬನ ನೆಪ ಹೇಳಿ ಊರಿನ ಮಿಕ್ಕ ಕುಟುಂಬಗಳಿಗೆ ತಮ್ಮ ಅಗತ್ಯ ತಮಗೇ ಗೊತ್ತಿಲ್ಲವೆಂದು ತೀರ್ಮಾನಿಸುವುದು ದಾನದ ಜೊತೆಗೆ ಬರುವ ದೊಡ್ಡಸ್ತಿಕೆ, ಅಷ್ಟೆ.

ಇನ್ನು ಮನೆಗಳ ವಿಷಯ. ಇಲ್ಲಿ ಕರ್ನಾಟಕದ ಬಳಿ ತನ್ನದೇ ದೊಡ್ಡ ಪಾಠವಿದೆ, ಅದನ್ನು ನಾವು ಸರಿಯಾಗಿ ಓದಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ಬಾಗಲಕೋಟೆ, ವಿಜಾಪುರ, ರಾಯಚೂರು, ಗದಗ, ಕೊಪ್ಪಳ ಸೇರಿ ಉತ್ತರ ಕರ್ನಾಟಕ ತತ್ತರಿಸಿತು. 200ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆಗಳಿಗೆ ಹಾನಿಯಾಯಿತು. ಸರ್ಕಾರ ‘ಆಸರೆ’ ಯೋಜನೆ ತಂದಿತು. ಕಂಪನಿಗಳು, ಮಠಗಳು, ಸಂಘಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಊರಿಗೆ ಊರನ್ನೇ ಹೊಸ ಜಾಗದಲ್ಲಿ ಕಟ್ಟಿಕೊಡಲು ಮುಂದೆ ಬಂದವು. ದಾನಿಗಳು ಮೊದಲ ವಾರದ ಕಿಟ್ ದಾಟಿ ಮನೆಯವರೆಗೆ ಬಂದ ಅಪರೂಪದ ಸಂದರ್ಭ ಅದು, ಮೆಚ್ಚಲೇಬೇಕು. ಆದರೂ ಅನೇಕ ಕಡೆ ಮನೆಗಳು ಖಾಲಿ ಉಳಿದವು, ಬಾಗಿಲು ಕಿಟಕಿ ಕಳಚಿ ಹೋದವು, ಅಂಗಳದಲ್ಲಿ ಜಾಲಿ ಬೆಳೆಯಿತು. ಕಾರಣ ಹುಡುಕಲು ಸಂಶೋಧನೆ ಬೇಕಿಲ್ಲ, ಆ ಮನೆಯನ್ನು ಒಬ್ಬ ರೈತ ಮಹಿಳೆಯ ಕಣ್ಣಿನಿಂದ ನೋಡಿದರೆ ಸಾಕು. ಹಾಲ್, ಅಡುಗೆಮನೆ, ಮಲಗುವ ಕೋಣೆ, ಕಾಂಕ್ರೀಟ್ ಚಾವಣಿ. ಎತ್ತು ಎಲ್ಲಿ ಕಟ್ಟುವುದು? ಮೇವಿನ ಬಣವೆ ಎಲ್ಲಿ ಒಟ್ಟುವುದು? ಜೋಳದ ಚೀಲ, ಕುಳ್ಳು, ಕಟ್ಟಿಗೆ, ನೇಗಿಲು ಎಲ್ಲಿಡುವುದು? ಹೊಲ ಹಳೇ ಊರಿನ ಪಕ್ಕ, ಮನೆ ಇಲ್ಲಿ. ರಾತ್ರಿ ದನಕ್ಕೆ ಮೇವು ಹಾಕಲು ಯಾರು ನಡೆಯಬೇಕು? ಮದುವೆಯಾದ ಅಣ್ಣತಮ್ಮಂದಿರು ಒಂದೇ ಕೋಣೆಯಲ್ಲಿ ಹೇಗಿರಬೇಕು? ಮಾಳಿಗೆ ಮನೆಯ ತಂಪಿಗೆ ಒಗ್ಗಿದವರು ಏಪ್ರಿಲ್ ಬಿಸಿಲಿನಲ್ಲಿ ಆ ಚಾವಣಿಯ ಕೆಳಗೆ ಹೇಗೆ ಕೂರಬೇಕು? ಪೇಟೆಯವರ ಮನೆಯನ್ನು ಚಿಕ್ಕದಾಗಿಸಿ ಹೊಲದ ನಡುವೆ ಇಟ್ಟಂತಿತ್ತು ಅದು. ಹತ್ತು ವರ್ಷದ ನಂತರ, 2019ರಲ್ಲಿ, ಮಲಪ್ರಭೆ ಮತ್ತೆ ಉಕ್ಕಿದಾಗ ಸ್ಥಳಾಂತರಕ್ಕೆಂದು ಮನೆ ಕಟ್ಟಲಾಗಿದ್ದ ಊರುಗಳ ಜನರೂ ಹಳೇ ಮನೆಗಳಲ್ಲೇ ಇದ್ದು ನೀರಿಗೆ ಸಿಕ್ಕರು.

ಕೊಡಗಿನಲ್ಲಿ ಸಮಸ್ಯೆ ಬೇರೆ ಬಗೆಯದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದಾಗ ನಾಡಿನ ಮೂಲೆಮೂಲೆಯಿಂದ ನೆರವು ಹರಿಯಿತು. ಆದರೆ ಅದೇ ಬೆಟ್ಟದ ಮೇಲೆ ಮತ್ತೆ ಮನೆ ಕಟ್ಟುವಂತಿರಲಿಲ್ಲ, ಕೆಳಗೆ ಕಟ್ಟಲು ಸರ್ಕಾರಿ ಜಾಗ ಹುಡುಕಬೇಕಿತ್ತು, ಸಮತಟ್ಟು ಮಾಡಬೇಕಿತ್ತು. ಜಂಬೂರು, ಮದೆನಾಡಿನ ಮನೆಗಳು ಸಂತ್ರಸ್ತರ ಕೈ ಸೇರುವಾಗ 2020ರ ಜೂನ್ ಬಂದಿತ್ತು. ನಡುವೆ ಹತ್ತಿರಹತ್ತಿರ ಎರಡು ವರ್ಷ ಕಳೆದಿತ್ತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗಲೂ ಇದನ್ನೇ ಕಂಡೆವು. ಬೆಂಗಳೂರಿನಲ್ಲಿ ನೆಲೆಯಿರುವ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ 190 ಅಡಿಯ ಬೈಲಿ ಸೇತುವೆಯನ್ನು ಒಂದೂವರೆ ದಿನದೊಳಗೆ ಕಟ್ಟಿ ನಿಲ್ಲಿಸಿತು. ಸತ್ತವರಲ್ಲಿ ಚಾಮರಾಜನಗರ, ಮಂಡ್ಯ ಕಡೆಯಿಂದ ದುಡಿಯಲು ಹೋಗಿದ್ದ ಕನ್ನಡಿಗರೂ ಇದ್ದರು. ಕರ್ನಾಟಕ ಸರ್ಕಾರ ಆಗಸ್ಟ್ ಮೊದಲ ವಾರದಲ್ಲೇ 100 ಮನೆ ಕಟ್ಟಿಸಿಕೊಡುವುದಾಗಿ ಘೋಷಿಸಿತು. ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇರಳದ ಮುಖ್ಯಮಂತ್ರಿಗೆ ಪತ್ರ ಬರೆದು, ನಮ್ಮ ಮಾತಿಗೆ ಉತ್ತರ ಬಂದಿಲ್ಲ, ಜಾಗ ಕೊಂಡಾದರೂ ಕಟ್ಟಿಸುತ್ತೇವೆ ಎಂಬ ಅರ್ಥದಲ್ಲಿ ನೆನಪಿಸಬೇಕಾಯಿತು. ಪುನರ್ವಸತಿ ಟೌನ್‌ಶಿಪ್‌ಗೆ ಗುರುತಿಸಿದ್ದ ಎಸ್ಟೇಟ್ ಭೂಮಿಯ ಸ್ವಾಧೀನ ಹೈಕೋರ್ಟಿನಲ್ಲಿತ್ತು. ಕಲ್ಪೆಟ್ಟದ ಟೌನ್‌ಶಿಪ್‌ಗೆ ಅಡಿಗಲ್ಲು ಬಿದ್ದದ್ದು 2025ರ ಮಾರ್ಚ್‌ನಲ್ಲಿ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಮೊದಲ ವಾರದಲ್ಲೇ ಮನೆಗಳ ಮಾತು ಕೊಟ್ಟ ದಾನಿ ಒಂದು ಸರ್ಕಾರವೇ ಆಗಿದ್ದರೂ ಅಡಿಗಲ್ಲಿಗೆ ಎಂಟು ತಿಂಗಳು ಬೇಕಾಯಿತು. ಜಾಗ, ದಾಖಲೆ, ನ್ಯಾಯಾಲಯ ದಾಟಿ ಬರುವ ಈ ಕಾಲವನ್ನು ಕಾಯುವ ತಾಳ್ಮೆ ದೇಣಿಗೆಗೂ ಇರಬೇಕು.

ಮನೆ ಕಟ್ಟಿಸುವುದು ಸರ್ಕಾರದ ಹೊಣೆ, ದಾನಿಗಳು ಅದನ್ನು ಹೊತ್ತರೆ ಸರ್ಕಾರ ನುಣುಚಿಕೊಳ್ಳುತ್ತದೆ ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. 2019ರಲ್ಲಿ ಕೇಂದ್ರದ ವಿಪತ್ತು ಪರಿಹಾರ ನಿಯಮದಂತೆ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದದ್ದು 95,100 ರೂಪಾಯಿ. ಆ ದುಡ್ಡಿನಲ್ಲಿ ತಳಪಾಯ ಏಳಬಹುದು, ಮನೆ ಏಳುವುದಿಲ್ಲ. ರಾಜ್ಯ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ಹೀಗೆ ಏರಿಸುವಂತೆ ಒತ್ತಾಯಿಸುವುದು ನಾಗರಿಕರ ಕೆಲಸ, ದಾನ ಅದಕ್ಕೆ ಬದಲಿ ಆಗಬಾರದು. ಆದರೆ ಸರ್ಕಾರದ ದುಡ್ಡು ಕಂತುಗಳಲ್ಲಿ ಬರುತ್ತದೆ, ಪ್ರತಿ ಕಂತಿಗೂ ದಾಖಲೆ ಕೇಳುತ್ತದೆ. ಮನೆ ತೀರಿಕೊಂಡ ಮಾವನ ಹೆಸರಿನಲ್ಲಿದ್ದರೆ, ಆಧಾರ್ ಕಾರ್ಡಿನ ಹೆಸರು ಬ್ಯಾಂಕಿನ ಹೆಸರಿಗೆ ಹೊಂದದಿದ್ದರೆ, ಸಮೀಕ್ಷೆಯವರು ಪೂರ್ತಿ ಬಿದ್ದ ಮನೆಯನ್ನು ಭಾಗಶಃ ಹಾನಿ ಎಂದು ಬರೆದುಕೊಂಡಿದ್ದರೆ, ತಹಶೀಲ್ದಾರ್ ಕಚೇರಿಗೆ ಅಲೆಯುವುದರಲ್ಲೇ ವರ್ಷ ಹೋಗುತ್ತದೆ. ಸ್ವಯಂಸೇವಕರು ನಿಜವಾಗಿ ಬೇಕಾಗಿರುವುದು ಇಲ್ಲಿ. ಅರ್ಜಿ ಬರೆಯಬಲ್ಲ ವಕೀಲ, ಗೋಡೆಯ ಬಿರುಕು ನೋಡಿ ಪ್ರಮಾಣಪತ್ರ ಕೊಡಬಲ್ಲ ಎಂಜಿನಿಯರ್, ಬ್ಯಾಂಕಿನ ಕೆಲಸ ಬಲ್ಲ ನಿವೃತ್ತ ನೌಕರ ತಿಂಗಳಿಗೆ ಎರಡು ದಿನ ಒಂದೇ ಊರಿಗೆ ಎರಡು ವರ್ಷ ಹೋದರೆ ಆಗುವ ಉಪಕಾರಕ್ಕೆ ಹತ್ತು ಲಾರಿ ಸಾಮಾನು ಸಮವಲ್ಲ. ಭುಜ್ ಭೂಕಂಪದ ನಂತರ ಕಛ್‌ನಲ್ಲಿ ಸ್ಥಳೀಯ ಸಂಘಟನೆಗಳ ಒಕ್ಕೂಟ ‘ಅಭಿಯಾನ’ ಮಾಡಿದ್ದು ಇದನ್ನೇ. ಹಳ್ಳಿಗಳ ಗುಂಪಿಗೊಂದರಂತೆ ‘ಸೇತು’ ಕೇಂದ್ರಗಳನ್ನು ತೆರೆದು ಯೋಜನೆಯ ಮಾಹಿತಿ, ಅರ್ಜಿ, ದೂರುಗಳ ಕೆಲಸ ನಡೆಸಿತು. ಗುಜರಾತ್ ಸರ್ಕಾರ ಹಣವನ್ನು ಕಂತಿನಲ್ಲಿ ಮನೆಯ ಯಜಮಾನರ ಕೈಗೇ ಕೊಟ್ಟಿತು, ಎಂಜಿನಿಯರುಗಳು ಭೂಕಂಪ ತಡೆಯುವಂತೆ ಕಟ್ಟಿದ್ದಾರೆಯೇ ಎಂದು ನೋಡಿದರು. ಗುತ್ತಿಗೆದಾರರಿಂದ ಕಟ್ಟಿಸಿ ದಾನಿಗಳು ಕೀಲಿಕೈ ಒಪ್ಪಿಸಿದ ಮನೆಗಳಿಗಿಂತ ಜನ ತಾವೇ ನಿಂತು ಕಟ್ಟಿಸಿದ ಮನೆಗಳಲ್ಲಿ ಹೆಚ್ಚು ತೃಪ್ತರಾಗಿದ್ದರು ಎಂಬುದನ್ನು ನಂತರದ ಅಧ್ಯಯನಗಳು ದಾಖಲಿಸಿವೆ. ‘ಆಸರೆ’ ಹೊರಟದ್ದು ಅದಾದ ಎಂಟು ವರ್ಷಕ್ಕೆ. ಕಛ್ ಅಷ್ಟೇನೂ ದೂರವಿರಲಿಲ್ಲ.

ಅನಾಹುತಕ್ಕೆ ಮೊದಲಿನ ಪಾಲಿನ ಬಗ್ಗೆ ದಾನಿಗಳು ಯೋಚಿಸುವುದೇ ಇಲ್ಲ. 1970ರ ನವೆಂಬರ್ ಚಂಡಮಾರುತಕ್ಕೆ ಇಂದಿನ ಬಾಂಗ್ಲಾದೇಶದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರು. 1972ರಲ್ಲಿ ರೆಡ್ ಕ್ರಾಸ್ ಅಲ್ಲಿ ಚಂಡಮಾರುತ ಸನ್ನದ್ಧತೆ ಕಾರ್ಯಕ್ರಮ ಶುರುಮಾಡಿತು, ಮರುವರ್ಷ ಸರ್ಕಾರ ಕೈಜೋಡಿಸಿತು. ಇಂದು ಅದರಲ್ಲಿ ಸುಮಾರು 76 ಸಾವಿರ ಸ್ವಯಂಸೇವಕರಿದ್ದಾರೆ, ಅರ್ಧದಷ್ಟು ಮಹಿಳೆಯರು. 1991ರ ಚಂಡಮಾರುತದಲ್ಲಿ ಸತ್ತ ಲಕ್ಷಕ್ಕೂ ಹೆಚ್ಚು ಜನರಲ್ಲಿ ಹೆಂಗಸರೇ ಹೆಚ್ಚಿದ್ದರು. ಮನೆ ಬಿಟ್ಟು ಹೊರಡಿ ಎಂದು ಅಡುಗೆಮನೆಯವರೆಗೆ ಬಂದು ಹೇಳಲು ಹೆಂಗಸೇ ಬೇಕೆಂಬುದು ಆಗ ಕಲಿತ ಪಾಠ. ಇವರ ಸಲಕರಣೆ ನೋಡಿದರೆ ನಗು ಬರಬಹುದು: ಕೆಂಪು ಬಾವುಟ, ಮೆಗಾಫೋನ್, ಕೈಯಿಂದ ತಿರುಗಿಸುವ ಸೈರನ್, ರೇಡಿಯೊ, ಗಂಬೂಟು. ಈಗ ಅಷ್ಟೇ ಬಲದ ಚಂಡಮಾರುತಗಳಲ್ಲಿ ಅಲ್ಲಿ ಸಾಯುವವರ ಸಂಖ್ಯೆ ಹತ್ತುಗಳಲ್ಲಿ ನಿಲ್ಲುತ್ತಿದೆ. ಒಡಿಶಾದ ಕಥೆಯೂ ಹೀಗೆಯೇ: 1999ರಲ್ಲಿ ಸುಮಾರು ಹತ್ತು ಸಾವಿರ ಸಾವು, 2019ರ ‘ಫೋನಿ’ ಚಂಡಮಾರುತದಲ್ಲಿ 12 ಲಕ್ಷ ಜನರ ಸ್ಥಳಾಂತರ, 64 ಸಾವು. ನಮ್ಮಲ್ಲೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ‘ಆಪದ ಮಿತ್ರ’ ಯೋಜನೆಯಡಿ 12 ದಿನಗಳ ತರಬೇತಿ ಕೊಟ್ಟು ದೇಶದ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರನ್ನು ತಯಾರು ಮಾಡಲು ಹೊರಟಿತು. ತರಬೇತಿ ಪಡೆದವನ ಹಗ್ಗ ಮೂರು ವರ್ಷದಲ್ಲಿ ಹಳತಾಗುತ್ತದೆ, ಲೈಫ್ ಜಾಕೆಟ್ ಇಲಿ ಕಡಿಯುತ್ತದೆ, ಮರುತರಬೇತಿ ಇಲ್ಲದಿದ್ದರೆ ಕಲಿತದ್ದು ಮರೆಯುತ್ತದೆ. ಘಟ್ಟದ ಹಳ್ಳಿಯ ಹತ್ತು ಯುವಕ ಯುವತಿಯರಿಗೆ ವರ್ಷವರ್ಷವೂ ಇಷ್ಟನ್ನು ಒದಗಿಸಲು ಒಂದು ರೋಟರಿ ಕ್ಲಬ್ಬು ಸಾಕು. ಯಾರೂ ಮಾಡುವುದಿಲ್ಲ, ಯಾಕೆಂದರೆ ಬಾರದ ನೆರೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಆಗುವುದಿಲ್ಲ.

ತರಬೇತಿ ಇಲ್ಲದವರು ಹೊರಟುಬಿಡುವುದೂ ಒಂದು ಸಮಸ್ಯೆ. ಕೋಬೆಗೆ ಮುಂದಿನ ಒಂದು ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಹೋದರು. ಮೊದಮೊದಲು ಅವರನ್ನೇ ಸಂಭಾಳಿಸಬೇಕಾಗಿ ಬಂದ ಅನುಭವದಿಂದ ಜಪಾನ್ ಊರೂರಿನಲ್ಲಿ ಸ್ವಯಂಸೇವಕ ಕೇಂದ್ರಗಳ ಪದ್ಧತಿ ಬೆಳೆಸಿತು: ಬಂದವರು ಅಲ್ಲಿ ಹೆಸರು ಬರೆಸಬೇಕು, ಯಾವ ಮನೆಯ ಕೆಸರು ಯಾರು ತೆಗೆಯಬೇಕೆಂದು ಕೇಂದ್ರ ಹೇಳುತ್ತದೆ. 2024ರ ಹೊಸ ವರ್ಷದ ದಿನ ನೋಟೊ ಪರ್ಯಾಯದ್ವೀಪ ಕಂಪಿಸಿದಾಗ, ಇರುವ ರಸ್ತೆಯಲ್ಲಿ ಆಂಬುಲೆನ್ಸ್ ಹೋಗಲಿ, ನೀವು ಸದ್ಯಕ್ಕೆ ಬರಬೇಡಿ ಎಂದು ಆಡಳಿತ ನೇರವಾಗಿ ಹೇಳಿತು. ನಮ್ಮಲ್ಲಿ ಹೀಗೆ ಹೇಳಿದ ಜಿಲ್ಲಾಧಿಕಾರಿಯನ್ನು ಸಂಜೆಯೊಳಗೆ ಅಮಾನವೀಯ ಎಂದು ಕರೆದುಬಿಡುತ್ತೇವೆ.

ಜಗತ್ತಿನ ಮಟ್ಟದಲ್ಲಿ ಹೊತ್ತು ತಪ್ಪುವುದರ ಜೊತೆಗೆ ಜಾಗವೂ ತಪ್ಪುತ್ತದೆ. ಸುನಾಮಿಯ ಜಂಟಿ ಮೌಲ್ಯಮಾಪನ ಲೆಕ್ಕ ಹಾಕಿದಂತೆ ಆಗ ಬಾಧಿತರಾದ ಒಬ್ಬೊಬ್ಬರಿಗೆ ಜಗತ್ತು ಕೊಟ್ಟದ್ದು 7,100 ಡಾಲರ್. ಅದೇ 2004ರಲ್ಲಿ ಬಾಂಗ್ಲಾದೇಶದ ನೆರೆಪೀಡಿತರಿಗೆ ತಲೆಗೆ 3 ಡಾಲರ್. ಡಿಸೆಂಬರ್ ರಜೆಯ ದಿನ, ಪ್ರವಾಸಿಗರ ಕಡಲತೀರ, ಎದೆ ನಡುಗಿಸುವ ವಿಡಿಯೊಗಳು ಒಂದು ಕಡೆ. ಪ್ರತಿ ವರ್ಷ ಬರುವ ಕೆಸರುನೀರು ಇನ್ನೊಂದು ಕಡೆ. ಈ ಅಸಮತೋಲನವನ್ನು ಬಾಯಿಬಿಟ್ಟು ಹೇಳಿದ ಸಂಸ್ಥೆಗಳು ಕಡಿಮೆ. ‘ಗಡಿಗಳಿಲ್ಲದ ವೈದ್ಯರು’ ಎಂದು ಹೆಸರಾದ ಸಂಸ್ಥೆ, ಸುನಾಮಿಯ ಕೆಲಸಕ್ಕೆ ನಮಗೆ ಬೇಕಾದಷ್ಟು ಬಂದಿದೆ, ಇನ್ನು ಇದರ ಹೆಸರಿನಲ್ಲಿ ಕಳಿಸಬೇಡಿ ಎಂದು ಒಂದೆರಡು ವಾರದೊಳಗೇ ಘೋಷಿಸಿತು. ಹೆಚ್ಚಾದ ಹಣವನ್ನು ಬೇರೆ ಸಂಕಟಗಳಿಗೆ ಬಳಸಲು ಅನುಮತಿ ಕೇಳಿದಾಗ ಬಹುತೇಕ ದಾನಿಗಳು ಒಪ್ಪಿದರು. ಹೈಟಿಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 2010ರ ಭೂಕಂಪಕ್ಕೆ ಅಮೆರಿಕದ ರೆಡ್ ಕ್ರಾಸ್ ಒಂದೇ ಸುಮಾರು 50 ಕೋಟಿ ಡಾಲರ್ ಸಂಗ್ರಹಿಸಿತು. ಆ ದುಡ್ಡಿನಲ್ಲಿ ಅದು ಕಟ್ಟಿಸಿದ ಶಾಶ್ವತ ಮನೆಗಳು ಆರು ಎಂದು ಅಮೆರಿಕದ ಪತ್ರಕರ್ತರು 2015ರಲ್ಲಿ ಬರೆದರು. ಲಕ್ಷಕ್ಕೂ ಹೆಚ್ಚು ಜನರಿಗೆ ಬೇರೆ ಬಗೆಗಳಲ್ಲಿ ಆಶ್ರಯ ಒದಗಿಸಿದ್ದೇವೆ ಎಂದು ಸಂಸ್ಥೆ ಸಮರ್ಥಿಸಿಕೊಂಡಿತು. ಆ ಸಮರ್ಥನೆಯನ್ನು ಪೂರ್ತಿ ಒಪ್ಪಿದರೂ, ಅಷ್ಟು ಹಣ ಹೊರಗಿನ ದೊಡ್ಡ ಸಂಸ್ಥೆಗಳ ಕೈಯಲ್ಲೇ ಸುತ್ತಿದ್ದು ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. 2016ರಲ್ಲಿ ಇಸ್ತಾಂಬುಲ್‌ನ ಶೃಂಗಸಭೆಯಲ್ಲಿ ದೊಡ್ಡ ದಾನಿಗಳು, 2020ರೊಳಗೆ ನೆರವಿನ ಕಾಲುಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಆದಷ್ಟು ನೇರವಾಗಿ ಕೊಡುತ್ತೇವೆ ಎಂದು ಮಾತು ಕೊಟ್ಟರು. ಆ ಗುರಿಯ ಹತ್ತಿರಕ್ಕೂ ಅವರು ಬರಲಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಇನ್ನೊಂದು ಗೋಡೆ ಕಟ್ಟಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ, ವಿದೇಶದಿಂದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ದುರುಪಯೋಗ ತಡೆಯುವ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆ ಚಿಕ್ಕೋಡಿಯದೋ ಸೋಮವಾರಪೇಟೆಯದೋ ಸಣ್ಣ ಬಳಗಕ್ಕೆ ಹಣ ದಾಟಿಸುವ ದಾರಿಯೂ ಇದರಿಂದ ಮುಚ್ಚಿತು. ಹೊರದೇಶಗಳ ಕನ್ನಡ ಕೂಟಗಳು ಪ್ರತಿ ನೆರೆಗೂ ಚಂದಾ ಎತ್ತುತ್ತವೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ, ಊರಿನ ಸಣ್ಣ ಟ್ರಸ್ಟಿಗೂ ನೇರವಾಗಿ ಕೊಡಬಹುದು. ಪೌರತ್ವ ಬದಲಿಸಿದವರದ್ದು, ಕೂಟದ ಖಾತೆಯದ್ದು ವಿದೇಶಿ ದೇಣಿಗೆ. ಈ ವ್ಯತ್ಯಾಸವನ್ನು ತಿಳಿದು ಕಳಿಸಿದರೆ ಬಹಳಷ್ಟು ಹಣ ಸರಿಯಾದ ಕೈ ಸೇರುತ್ತದೆ.

ಕೊನೆಗೆ ಬರುವ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಹಣ ಕೊಟ್ಟರೆ ಎಲ್ಲಿ ಹೋಗುತ್ತದೋ ಗೊತ್ತಿಲ್ಲ, ಅಕ್ಕಿಮೂಟೆ ಕೊಟ್ಟರೆ ಹಸಿದವನ ಕೈಗೆ ಹೋದದ್ದು ಕಣ್ಣಿಗೆ ಕಾಣುತ್ತದೆ. ಈ ಅಪನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಸಾಮಾನು ಸೋರುವುದಿಲ್ಲ ಎಂಬುದು ಭ್ರಮೆ. ಸಾಮಾನಿಗೆ ರಸೀದಿ ಇಲ್ಲ, ಲೆಕ್ಕಪರಿಶೋಧನೆ ಇಲ್ಲ, ಆದಾಯ ತೆರಿಗೆ ವಿನಾಯಿತಿಯೂ ಇಲ್ಲ. ರಸ್ತೆಬದಿಯ ಊರಿಗೆ ಐದು ಸಲ ಸಿಕ್ಕದ್ದು ಒಳಗಿನ ತಾಂಡಾಕ್ಕೆ ಒಮ್ಮೆಯೂ ಸಿಗದಿದ್ದರೆ ಕೇಳುವವರಿಲ್ಲ. ಹಣಕ್ಕೆ ಹಾಗಲ್ಲ, ಕೇಳಿದರೆ ಲೆಕ್ಕ ಸಿಗುವ ದಾರಿಯಿದೆ. ಕೇಳುವವರು ಕಡಿಮೆ, ಅಷ್ಟೇ. ಮನ ಕಲಕಿದಾಗ ಕೊಡುತ್ತಾರೆ, ಮೂರು ವರ್ಷ ಕಾಯಿರಿ ಎಂದರೆ ಯಾರೂ ಕೊಡುವುದಿಲ್ಲ ಎಂಬ ಮಾತೂ ಇದೆ. ಮನ ಕಲಕಿದಾಗಲೇ ಕೊಡಲಿ. ಖರ್ಚು ಆಗಲೇ ಆಗಬೇಕೆಂದಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ವಿಪತ್ತಿನ ಪುನರ್ವಸತಿ, ಪುನರ್ನಿರ್ಮಾಣಕ್ಕೆ ಬಳಸಲು 2019ರಿಂದ ಕಾನೂನೇ ಸ್ಪಷ್ಟವಾಗಿ ಅವಕಾಶ ಕೊಟ್ಟಿದೆ. ನಡೆಯುತ್ತಿರುವ ಯೋಜನೆಯ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮೂರು ಆರ್ಥಿಕ ವರ್ಷಗಳವರೆಗೆ ಖರ್ಚು ಮಾಡಬಹುದು. ಕಂಪನಿಗಳಿಗೆ ಇರುವ ಈ ಸಾವಕಾಶವನ್ನು ಜನಸಾಮಾನ್ಯರು ಕೊಟ್ಟ ಹಣಕ್ಕೂ ಕೊಡಬೇಕು.

ಅದಕ್ಕೆ ಕಾಯ್ದೆ ಬದಲಾಗಬೇಕಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿ ಪ್ರತಿ ವಿಪತ್ತಿಗೂ ಬೇರೆ ಖಾತೆ ತೆರೆದು, ಬಂದದ್ದೆಷ್ಟು, ಮೊದಲ ತಿಂಗಳು ಹೋದದ್ದೆಷ್ಟು, ಮನೆಗೆಂದು ಉಳಿಸಿದ್ದೆಷ್ಟು, ಹಕ್ಕುಪತ್ರ ಸಿಕ್ಕದೆ ಬಾಕಿ ಇರುವ ಕುಟುಂಬಗಳು ಯಾವ ಪಂಚಾಯಿತಿಯಲ್ಲಿ ಎಷ್ಟು ಎಂಬುದನ್ನು ಆರು ತಿಂಗಳಿಗೊಮ್ಮೆ ಪ್ರಕಟಿಸಬಹುದು. ಸಂಘಸಂಸ್ಥೆಗಳಿಂದ ದಾನಿಗಳೂ ಇದನ್ನೇ ಕೇಳಬಹುದು: ಈಗ ಹಂಚುತ್ತಿರುವ ಕಿಟ್‌ಗಳ ಫೋಟೊ ಬೇಡ, 2019ರಲ್ಲಿ ನೀವು ಹೋಗಿದ್ದ ಊರಿನ ಇಂದಿನ ಸ್ಥಿತಿ ಹೇಳಿ. ಉತ್ತರ ಇದ್ದವರಿಗೆ ಚೆಕ್ ಬರೆದುಕೊಡಬಹುದು. ಪತ್ರಿಕೆಗಳ ಪಾಲೂ ಇದರಲ್ಲಿದೆ. ಮುಳುಗಿದ ಮನೆಯ ಚಿತ್ರವನ್ನು ಮುಖಪುಟದಲ್ಲಿ ಹಾಕುವ ನಾವು, ಅದೇ ಮನೆಯ ಎರಡನೇ ಕಂತು ಬಂತೇ ಎಂದು ಕೇಳಿ ಬರೆಯುವುದು ಮುಂದಿನ ನೆರೆ ಬಂದಾಗ ಮಾತ್ರ.